ಮೆಲುದನಿಯ ಹಾಡು, ನೋಯುವ ಕಿವಿ

ಜಾತ್ರೆಯ ಕೊನೆಯ ದಿನ. ಗುಡಿಯ ಮುಂದಿನ ಬಯಲಿನಲ್ಲಿ ಶಾಮಿಯಾನ ಹಾಕಿದೆ. ವೇದಿಕೆಯ ಎರಡೂ ಬದಿಗೆ ಆಳೆತ್ತರದ ಧ್ವನಿಪೆಟ್ಟಿಗೆಗಳು ನಿಂತಿವೆ. ‘ಈಗ ಜನಪದ ಗೀತೆಗಳು’ ಎಂದು ನಿರೂಪಕರು ಹೇಳಿ ಮುಗಿಸುವ ಮೊದಲೇ ಕೀಬೋರ್ಡು, ರಿದಂ ಪ್ಯಾಡು, ಢೋಲಕ್ಕು ಒಮ್ಮೆಗೇ ಮೊಳಗುತ್ತವೆ. ಹಾಡು ಮಾತ್ರ ಹಳೆಯದು, ತೊಟ್ಟಿಲು ತೂಗುವಾಗ ಹಾಡುವ ಜೋಗುಳ. ಮುಂದಿನ ಸಾಲಿನಲ್ಲಿ ಕೂತ ಆರೇಳು ವರ್ಷದ ಹುಡುಗನೊಬ್ಬ ಎರಡೂ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡು ಕಿರುಚುತ್ತಾನೆ. ಸುತ್ತಲಿನವರು ತಿರುಗಿ ನೋಡುತ್ತಾರೆ. ‘ಎಷ್ಟು ಹಟ ಮಾಡ್ತಾನಪ್ಪ’ ಎಂದು ಯಾರೋ ಗೊಣಗುತ್ತಾರೆ. ತಾಯಿ ತಲೆ ತಗ್ಗಿಸಿ ಮಗನನ್ನು ಎತ್ತಿಕೊಂಡು ಹೊರನಡೆಯುತ್ತಾಳೆ.

ಕರ್ನಾಟಕದ ಯಾವ ಊರಿನಲ್ಲಾದರೂ ಕಾಣಸಿಗಬಹುದಾದ ದೃಶ್ಯ ಇದು. ವಿಚಿತ್ರವೆಂದರೆ, ಅದೇ ಜೋಗುಳವನ್ನು ಮನೆಯ ಮೂಲೆಯಲ್ಲಿ ಅಜ್ಜಿ ಗುನುಗಿಕೊಂಡರೆ ಅದೇ ಹುಡುಗ ತಾನಾಗಿ ಬಂದು ಮಗ್ಗುಲಲ್ಲಿ ಕೂತರೂ ಆಶ್ಚರ್ಯಪಡಬೇಕಿಲ್ಲ. ಹಾಡು ಒಂದೇ, ಕಿವಿಯೂ ಒಂದೇ. ಹಾಗಾದರೆ ನಡುವೆ ಬದಲಾದದ್ದು ಏನು?

ಈ ಪ್ರಶ್ನೆಗೆ ಉತ್ತರ ಹುಡುಕಲು ಎರಡು ಇತಿಹಾಸಗಳನ್ನು ನೋಡಬೇಕಾಗುತ್ತದೆ. ಒಂದು, ಬೀಸುವ ಕಲ್ಲಿನ ಮುಂದೆ ಹುಟ್ಟಿದ ಹಾಡು ಧ್ವನಿವರ್ಧಕದ ಮುಂದೆ ಬಂದು ನಿಂತ ಕಥೆ. ಇನ್ನೊಂದು, ಸಾಮಾನ್ಯ ಸದ್ದನ್ನೂ ತಾಳಲಾರದ ಕಿವಿಗಳಿವೆ ಎಂಬುದನ್ನು ವೈದ್ಯಲೋಕ ನಿಧಾನವಾಗಿ ಒಪ್ಪಿಕೊಂಡ ಕಥೆ. ಎರಡೂ ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದವು. ಆದರೆ ಒಂದರ ಸುದ್ದಿ ಇನ್ನೊಂದಕ್ಕೆ ತಲುಪಲೇ ಇಲ್ಲ.

ಕಲ್ಲಿನ ಮುಂದೆ ಕೂತವರು

ಕನ್ನಡನಾಡಿನ ಹೆಣ್ಣುಮಕ್ಕಳ ಹಾಡುಗಳಲ್ಲಿ ಬಹುಪಾಲು ಹುಟ್ಟಿದ್ದು ಕೆಲಸದ ನಡುವೆ. ಬೀಸುವಾಗ, ಕುಟ್ಟುವಾಗ, ನಾಟಿ ಹಾಕುವಾಗ, ಕಳೆ ಕೀಳುವಾಗ, ಮಗುವನ್ನು ಮಲಗಿಸುವಾಗ. ಬಯಲಿನ ಹಾಡುಗಳಿಗೆ ಎತ್ತಿದ ದನಿ ಬೇಕು. ಗದ್ದೆಯ ಆ ತುದಿಯಲ್ಲಿ ಬಾಗಿದವಳಿಗೆ ಈ ತುದಿಯವಳ ಸೊಲ್ಲು ಕೇಳಿಸಬೇಕು. ಕೋಲಾಟದ ಪದ, ಲಾವಣಿ, ಡೊಳ್ಳಿನ ಪದಗಳಂತೂ ನೆರೆದ ಜನರ ಎದುರು ಹಾಡುವಂಥವು. ಆದರೆ ಬೀಸುವ ಪದ ಮತ್ತು ಜೋಗುಳದ ಜಾತಿಯೇ ಬೇರೆ.

ಹಿಟ್ಟಿನ ಗಿರಣಿಗಳು ಬರುವ ಮುನ್ನ ಅಂದಂದಿನ ಜೋಳವನ್ನೋ ರಾಗಿಯನ್ನೋ ಅಂದಂದೇ ಬೀಸಿಕೊಳ್ಳುವುದು ಹೆಚ್ಚಿನ ಮನೆಗಳ ವಾಡಿಕೆಯಾಗಿತ್ತು. ಹೆಂಗಸರು ಕಲ್ಲಿನ ಮುಂದೆ ಕೂರುತ್ತಿದ್ದುದು ಕೋಳಿ ಕೂಗುವ ಹೊತ್ತಿಗೆ. ಒಬ್ಬಳೇ, ಇಲ್ಲವೇ ಅತ್ತೆ-ಸೊಸೆ, ಅತ್ತಿಗೆ-ನಾದಿನಿ ಎದುರುಬದುರು. ಒಂದು ಕೈ ಗೂಟ ಹಿಡಿದು ಕಲ್ಲು ತಿರುಗಿಸಿದರೆ ಇನ್ನೊಂದು ಕೈ ಹಿಡಿ ಹಿಡಿ ಕಾಳನ್ನು ಕಲ್ಲಿನ ಬಾಯಿಗೆ ಸುರಿಯುತ್ತಿತ್ತು. ಮಗ್ಗುಲ ಕೋಣೆಯಲ್ಲಿ ಮನೆಮಂದಿ ಇನ್ನೂ ಮಲಗಿರುತ್ತಿದ್ದರು. ಎಷ್ಟೋ ವೇಳೆ ಹಸುಗೂಸು ತಾಯಿಯ ತೊಡೆಯ ಮೇಲೆಯೇ ನಿದ್ದೆ ಹೋಗಿರುತ್ತಿತ್ತು. ಇಂಥ ಹೊತ್ತಿನಲ್ಲಿ, ಇಂಥ ಜಾಗದಲ್ಲಿ ದನಿ ಎತ್ತಿ ಹಾಡುವುದು ಸಾಧ್ಯವೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕಲ್ಲಿನ ಗುಂಯ್‌ಗುಡುವ ಸದ್ದಿಗಿಂತ ತುಸು ಮೇಲೆ, ಎದುರು ಕೂತವಳಿಗೆ ಕೇಳಿಸಿದರೆ ಸಾಕಾಗಿತ್ತು.

ಜೋಗುಳದ ಕೇಳುಗನಂತೂ ಒಬ್ಬನೇ, ಅದೂ ತೊಟ್ಟಿಲಲ್ಲಿರುವವನು. ಹಾಡುವವಳ ಕಣ್ಣು ಆ ಮುಖದ ಮೇಲೆಯೇ ಇರುತ್ತದೆ. ಮಗು ರೆಪ್ಪೆ ಮುಚ್ಚಿದರೆ ದನಿ ಇನ್ನಷ್ಟು ತಗ್ಗುತ್ತದೆ. ಬೆಚ್ಚಿ ಎದ್ದರೆ ಮತ್ತೆ ಮೊದಲ ಸೊಲ್ಲಿನಿಂದ ಶುರು. ಪೂರ್ತಿ ನಿದ್ದೆ ಬಂದರೆ ಹಾಡು ಅರ್ಧಕ್ಕೇ ನಿಲ್ಲುತ್ತದೆ. ಹಾಡು ಎಲ್ಲಿಯವರೆಗೆ, ಎಷ್ಟು ದನಿಯಲ್ಲಿ ಎಂಬುದನ್ನು ಇಲ್ಲಿ ತೀರ್ಮಾನಿಸುವವನು ಕೇಳುಗ. ಮೆಲುದನಿಯ ಹಾಡಿನ ಗುಟ್ಟೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ ಎನ್ನಲಡ್ಡಿಯಿಲ್ಲ.

ಮೂರು ಸಾಲಿನ ದಾರಿ

ಬೀಸುವ ಪದಗಳಲ್ಲಿ ಹೆಚ್ಚಿನವು ತ್ರಿಪದಿಯಲ್ಲಿವೆ. ತ್ರಿಪದಿ ಕನ್ನಡದ ಅತ್ಯಂತ ಹಳೆಯ ಮಟ್ಟುಗಳಲ್ಲೊಂದು. ಸುಮಾರು ಕ್ರಿ.ಶ. 700ರ ಕಾಲದ್ದೆನ್ನಲಾದ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ಅದು ಕಲ್ಲಿನ ಮೇಲೆ ಮೂಡಿದೆ. ಅಕ್ಕಮಹಾದೇವಿಯ ಯೋಗಾಂಗ ತ್ರಿವಿಧಿಯಲ್ಲಿ, ಸರ್ವಜ್ಞನ ವಚನಗಳಲ್ಲಿ ಬೆಳೆದದ್ದೂ ಅದೇ ಮಟ್ಟು. ಮೂರು ಸಾಲು, ಲೆಕ್ಕಕ್ಕೆ ಒಟ್ಟು 11 ಗಣ. ಹಾಡುವಾಗ ಎರಡನೆಯ ಸಾಲಿನ ಮಾತು ಮತ್ತೊಮ್ಮೆ ಬಂದು ಮೂರನೆಯದಕ್ಕೆ ಸೇರಿಕೊಳ್ಳುವುದುಂಟು. ಹೀಗಾಗಿ ಕೇಳುವವರಿಗೆ ಮುಂದಿನ ಹೆಜ್ಜೆ ಎಲ್ಲಿ ಬೀಳುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ.

ಧಾಟಿಯೂ ಅಷ್ಟೇ ಸರಳ. ಕೆಲವೇ ಸ್ವರಗಳೊಳಗೆ ಏರಿಳಿಯುವ ಒಂದೇ ಮಟ್ಟು ಹತ್ತಾರು, ನೂರಾರು ಪದಗಳಿಗೆ ಸಾಕಾಗುತ್ತದೆ. ಪದಗಳು ಬದಲಾಗುತ್ತವೆ, ದಾರಿ ಬದಲಾಗುವುದಿಲ್ಲ. ತಾಳವನ್ನು ಕಲ್ಲಿನ ಸುತ್ತೇ ಹಾಕಿಕೊಡುತ್ತದೆ. ಇಡೀ ಹಾಡುಗಾರಿಕೆಗೂ ಒಂದು ಕ್ರಮವಿತ್ತು. ಮೊದಲು ದೇವರ ನೆನಕೆ ಮತ್ತು ಕಲ್ಲಿಗೆ ಶರಣು, ಬಳಿಕ ತವರು, ಅಣ್ಣತಮ್ಮಂದಿರು, ಕೂಸು, ಗಂಡನ ಮನೆಯ ಸುಖದುಃಖ, ಕಾಳು ಮುಗಿಯುತ್ತ ಬಂದಾಗ ಕಲ್ಲಿಗೂ ಮನೆಗೂ ಹರಕೆ. ಹಾಡು ಶುರುವಾದದ್ದೂ ಗೊತ್ತು, ಮುಗಿಯುವುದೂ ಗೊತ್ತು.

ಕೇಳುಗರನ್ನು ಬೆರಗುಗೊಳಿಸುವ ಉದ್ದೇಶ ಈ ಹಾಡುಗಳಿಗೆ ಇರಲಿಲ್ಲ. ಬೆರಗಾಗಲು ಅಲ್ಲಿ ಸಭೆಯೇ ಇರಲಿಲ್ಲವಲ್ಲ. ದಿನವೂ ಮಾಡಲೇಬೇಕಾದ ದುಡಿಮೆಯ ಬೇಸರ ಕಳೆಯುವುದು, ಹೇಳಿಕೊಳ್ಳಲಾಗದ ಮಾತನ್ನು ಹಾಡಿನ ನೆಪದಲ್ಲಿ ಹೇಳಿಕೊಳ್ಳುವುದು, ಮಗುವನ್ನು ಮಲಗಿಸುವುದು ಇಷ್ಟೇ ಅವುಗಳ ಕೆಲಸ. ಮೆಲುದನಿ ಆ ಕೆಲಸಕ್ಕೆ ತಕ್ಕ ದನಿ. ಅದನ್ನು ಹಾಡುಗಾರಿಕೆಯ ಕೊರತೆ ಎಂದು ಬಗೆದರೆ ತಪ್ಪಾಗುತ್ತದೆ.

ಪುಸ್ತಕಕ್ಕೆ ಬಂದ ಮಾತು, ಉಳಿಯದ ದನಿ

ಜನಪದ ಹಾಡುಗಳು ಅಚ್ಚಿಗೆ ಬಂದ ಬಗೆಯನ್ನು ನೋಡಿದರೆ ಗಟ್ಟಿ ದನಿಗೆ ಮೊದಲ ಮಣೆ ಸಿಕ್ಕಿದ್ದು ಕಾಣುತ್ತದೆ. ಬ್ರಿಟಿಷ್ ಅಧಿಕಾರಿ ಹಾಗೂ ಶಾಸನತಜ್ಞ ಜಾನ್ ಫೇತ್‌ಫುಲ್ ಫ್ಲೀಟ್ 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದ್ದು ಲಾವಣಿಗಳನ್ನು. ಸಂಗೊಳ್ಳಿ ರಾಯಣ್ಣನಂಥವರ ಕಥೆ ಹೇಳುವ ಆ ಪದಗಳು ಬಯಲಿನಲ್ಲಿ, ಜನರ ನಡುವೆ ಗಂಡಸರು ಹಾಡುವಂಥವು. ಹೊರಗಿನಿಂದ ಬಂದವರ ಕಿವಿಗೆ ಮೊದಲು ಬಿದ್ದದ್ದು ಅವೇ ಆದದ್ದು ಸಹಜ. ಒಳಮನೆಯ ಹಾಡು ಹೊರಗಿನವರಿಗೆ ಕೇಳಿಸುವಂತೆಯೇ ಇರಲಿಲ್ಲ.

ಆ ಹಾಡು ಹೊರಬರಲು ಅದೇ ಮನೆಗಳಲ್ಲಿ ಬೆಳೆದವರೇ ಬೇಕಾಯಿತು. ಇಂದಿನ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹಳ್ಳಿಯ ಹೆಂಗಸರ ಪದಗಳನ್ನು ಕಲೆಹಾಕಿ 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದರು. ಮಧುರಚೆನ್ನ ಎಂದು ಹೆಸರಾದ ಚೆನ್ನಮಲ್ಲಪ್ಪ ಗಲಗಲಿ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಈ ಕೆಲಸದ ಮುಂದಾಳುಗಳು. ಬಿ.ಎಂ. ಶ್ರೀಕಂಠಯ್ಯನವರು ಅದಕ್ಕೆ ಮುನ್ನುಡಿ ಬರೆದರು. ಅಕ್ಷರ ಬಾರದ ಗರತಿಯರ ಪದಗಳೂ ಕಾವ್ಯವೆಂಬುದನ್ನು ಓದುವ ವರ್ಗ ಮನಗಂಡದ್ದು ಆಗಲೇ.

ಆದರೆ ಪುಸ್ತಕ ಹಿಡಿದಿಟ್ಟದ್ದು ಮಾತನ್ನು. ಆ ಮಾತು ಎಷ್ಟು ಮೆಲ್ಲಗೆ ಬರುತ್ತಿತ್ತು, ಎಲ್ಲಿ ನಿಂತು ಉಸಿರು ಎಳೆದುಕೊಳ್ಳುತ್ತಿತ್ತು, ಕಲ್ಲಿನ ಸದ್ದಿನೊಡನೆ ಹೇಗೆ ಬೆರೆಯುತ್ತಿತ್ತು ಎಂಬುದನ್ನು ಅಚ್ಚಿನ ಮೊಳೆ ಹೇಳಲಾರದು. ಹಾಡನ್ನು ಪುಸ್ತಕದಿಂದ ಎತ್ತಿಕೊಂಡ ಮುಂದಿನವರು ದನಿಯನ್ನು ತಮಗೆ ತೋಚಿದಂತೆ ಕೂಡಿಸಿಕೊಳ್ಳಬೇಕಾಯಿತು.

ಕಹಳೆಯ ಮುಂದೆ, ಮೈಕಿನ ಮುಂದೆ

ದನಿಯನ್ನು ಹಿಡಿಯುವ ಯಂತ್ರ ಅಷ್ಟರಲ್ಲಿ ಬಂದಿತ್ತು. ಕಲ್ಕತ್ತೆಯಲ್ಲಿ 1902ರಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಗ್ರಾಮಫೋನ್ ಕಂಪನಿ ಮುದ್ರಿಸಿಕೊಂಡಿತು. ಆಗಿನ ಯಂತ್ರಕ್ಕೆ ವಿದ್ಯುತ್ತಿನ ನೆರವಿರಲಿಲ್ಲ. ದೊಡ್ಡ ಕಹಳೆಯೊಂದರ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕಿತ್ತು. ಮೆಲುದನಿ ಅದರ ಮೇಣದ ತಟ್ಟೆಯ ಮೇಲೆ ಗೆರೆ ಮೂಡಿಸುತ್ತಿರಲಿಲ್ಲ. ಅಂದರೆ ಧ್ವನಿಮುದ್ರಣದ ಮೊದಲ ದಿನಗಳಲ್ಲಿ ಬೀಸುವ ಪದಕ್ಕೆ ಜಾಗವೇ ಇರಲಿಲ್ಲ.

1925ರ ಹೊತ್ತಿಗೆ ವಿದ್ಯುತ್ ಮೈಕ್ರೊಫೋನಿನ ಮುದ್ರಣ ಆರಂಭವಾದಾಗ ಈ ಕಟ್ಟು ಸಡಿಲವಾಯಿತು. ಪಿಸುಮಾತನ್ನೂ ಹಿಡಿಯಬಲ್ಲ ಸಾಧನ ಅದು. ಅಮೆರಿಕದಲ್ಲಿ ಬಿಂಗ್ ಕ್ರಾಸ್ಬಿಯಂಥ ಗಾಯಕರು ಕಿವಿಯ ಬಳಿ ಬಂದು ಹಾಡಿದಂತೆ ಹಾಡಿ ಹೆಸರು ಮಾಡಿದ್ದು ಮೈಕಿನ ಬಲದಿಂದಲೇ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಆರಂಭಿಸಿದ ಪುಟ್ಟ ಬಾನುಲಿ ಕೇಂದ್ರ ‘ಆಕಾಶವಾಣಿ’, 1950ರಲ್ಲಿ ಬಂದ ಧಾರವಾಡ ಕೇಂದ್ರ ಇವೆಲ್ಲ ದೂರದ ದನಿಯನ್ನು ಮನೆಯ ಪಡಸಾಲೆಗೆ ತಂದವು. ರೇಡಿಯೊದಲ್ಲಿ ಒಂದು ಅನುಕೂಲವಿತ್ತು. ದನಿ ಹೆಚ್ಚಿಸುವ ಕಿರುಗುಬ್ಬಿ ಕೇಳುಗರ ಕೈಯಲ್ಲೇ ಇತ್ತು.

ಮೈಕಿನೊಂದಿಗೆ ಬಂದ ಧ್ವನಿವರ್ಧಕ ಆ ಅನುಕೂಲವನ್ನು ಕಸಿದುಕೊಂಡಿತು. ಪಿ. ಕಾಳಿಂಗರಾಯರಂಥ ಗಾಯಕರು ಜನಪದ ಗೀತೆಗಳನ್ನು ವೇದಿಕೆಯ ಮೇಲೆ ಹಾಡಿ ನಾಡಿಗೆಲ್ಲ ಪರಿಚಯಿಸಿದರು. ಅದರಿಂದ ಹಳ್ಳಿಯ ಹಾಡಿಗೆ ಸಿಕ್ಕ ಗೌರವ ಸಣ್ಣದಲ್ಲ. ಆ ದಾರಿಯಲ್ಲಿ ಮುಂದೆ ಬಂದವರು ವಾದ್ಯಗಳನ್ನು ಕೂಡಿಸಿದರು, ವೇಗ ಏರಿಸಿದರು, ಧ್ವನಿಪೆಟ್ಟಿಗೆಗಳನ್ನು ದೊಡ್ಡದು ಮಾಡಿದರು. ಸಾವಿರ ಜನರಿಗೆ ಕೇಳಿಸಬೇಕಾದ ಮೇಲೆ ಅದು ಅನಿವಾರ್ಯವೂ ಆಗಿರಬಹುದು. ಹಾಡಿನ ಸಾಲು ಮಾತ್ರ ಹಳೆಯದಾಗಿ ಉಳಿಯಿತು. ಒಬ್ಬರ ಕಿವಿಗೆ ಹುಟ್ಟಿದ್ದು ಊರಿಗೆಲ್ಲ ಆಯಿತು. ಯಾರಿಗೆ ಎಷ್ಟು ಬೇಕು ಎಂದು ನೋಡಿ ದನಿ ತಗ್ಗಿಸುವವರು ಇಲ್ಲವಾದರು.

ಹನ್ನೊಂದು ಮಕ್ಕಳ ವರದಿ

ಹಾಡು ಹೀಗೆ ದೊಡ್ಡದಾಗುತ್ತಿದ್ದ ಕಾಲದಲ್ಲೇ, ಸದ್ದಿಗೆ ಹೆದರುವ ಮಕ್ಕಳ ಬಗ್ಗೆ ದೂರದ ಬಾಲ್ಟಿಮೋರ್‌ನಲ್ಲಿ ಒಬ್ಬ ವೈದ್ಯರು ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲಿ 11 ಮಕ್ಕಳ ಕುರಿತ ವರದಿಯನ್ನು ಪ್ರಕಟಿಸಿದರು. ಇಂದು ಆಟಿಸಂ ಅಥವಾ ಸ್ವಲೀನತೆ ಎಂದು ಕರೆಯುವ ಸ್ಥಿತಿಯ ಅಧ್ಯಯನ ಶುರುವಾದದ್ದು ಬಹುಮಟ್ಟಿಗೆ ಅಲ್ಲಿಂದ.

ಆ ವರದಿಯಲ್ಲಿ ಎರಡು ಸಂಗತಿಗಳು ಒಟ್ಟೊಟ್ಟಿಗೆ ಬರುತ್ತವೆ. ಕಸ ಎಳೆಯುವ ಯಂತ್ರ, ಲಿಫ್ಟು, ಮೊಟ್ಟೆ ಕಡೆಯುವ ಸಾಧನ ಇಂಥವುಗಳ ಸದ್ದಿಗೆ ಆ ಮಕ್ಕಳು ದಿಗಿಲು ಬೀಳುತ್ತಿದ್ದರು. ಅದೇ ಮಕ್ಕಳ ಗುಂಪಿನಲ್ಲಿ ಒಬ್ಬ, ಒಂದು ವರ್ಷದವನಿದ್ದಾಗಲೇ ಹಲವಾರು ಧಾಟಿಗಳನ್ನು ತಪ್ಪಿಲ್ಲದೆ ಗುನುಗುತ್ತಿದ್ದ. ಇನ್ನೊಬ್ಬ ಒಂದೂವರೆ ವರ್ಷಕ್ಕೇ 18 ಸಿಂಫನಿಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತಿದ್ದ. ಅಂದರೆ ಆ ಕಿವಿಗಳು ಸಂಗೀತದ ಶತ್ರುಗಳಾಗಿರಲಿಲ್ಲ.

ಕ್ಯಾನರ್ ಇನ್ನೂ ಒಂದನ್ನು ಗಮನಿಸಿದ್ದರು. ತಾನು ಹೆದರುವ ಸದ್ದಿನಷ್ಟೇ ದೊಡ್ಡ ಸದ್ದನ್ನು ಆ ಮಗು ತಾನೇ ಖುಷಿಯಿಂದ ಮಾಡಬಲ್ಲದು. ಹಾಗಾದರೆ ಹೆದರಿಕೆ ಸದ್ದಿನದ್ದಷ್ಟೇ ಅಲ್ಲ, ಕರೆಯದೆ ಒಳನುಗ್ಗುವ ಸದ್ದಿನದ್ದು. ಅವರ ಉಳಿದ ಎಷ್ಟೋ ಊಹೆಗಳನ್ನು ಮುಂದಿನ ಸಂಶೋಧನೆ ಕೈಬಿಟ್ಟಿದೆ. ತಂದೆತಾಯಿಯರ ಒಣ ಸ್ವಭಾವಕ್ಕೂ ಮಗುವಿನ ಸ್ಥಿತಿಗೂ ಗಂಟು ಹಾಕಿದ್ದಂತೂ ಬಹಳ ಮನೆಗಳನ್ನು ನೋಯಿಸಿತು. ಆದರೆ ಈ ಒಂದು ಗಮನಿಕೆ ಇಂದಿಗೂ ತೂಕದ್ದಾಗಿದೆ.

ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಎ. ಜೀನ್ ಏರ್ಸ್ 1972ರ ತಮ್ಮ ಪುಸ್ತಕದಲ್ಲಿ, ಕಣ್ಣು, ಕಿವಿ, ಚರ್ಮಗಳಿಂದ ಬರುವ ಸುದ್ದಿಗಳನ್ನು ಮಿದುಳು ಹೇಗೆ ಒಟ್ಟುಗೂಡಿಸುತ್ತದೆ, ಅದರಲ್ಲಿ ತೊಡಕಾದರೆ ಮಗುವಿನ ಕಲಿಕೆ ಏನಾಗುತ್ತದೆ ಎಂಬುದನ್ನು ಚರ್ಚಿಸಿದರು. ಒಳಗಿನಿಂದಲೇ ಸಾಕ್ಷಿ ನುಡಿದವರು ಟೆಂಪಲ್ ಗ್ರ್ಯಾಂಡಿನ್. ಸ್ವತಃ ಆಟಿಸಂ ಇರುವ ಈ ಪಶುವಿಜ್ಞಾನಿ 1986ರಲ್ಲಿ ಆತ್ಮಕಥೆ ಬರೆದರು. ಶಾಲೆಯ ಗಂಟೆ ತಮಗೆ ಹಲ್ಲಿನ ನರಕ್ಕೆ ಯಂತ್ರ ತಾಗಿದಂತೆ ಆಗುತ್ತಿತ್ತು ಎಂದು ಅವರು ವಿವರಿಸಿದ್ದಾರೆ. ಹಟವೆಂದು ಜಗತ್ತು ಬಗೆದದ್ದು ನಿಜಕ್ಕೂ ನೋವು ಎಂಬುದು ಇಂಥ ಮಾತುಗಳಿಂದ ಸ್ಪಷ್ಟವಾಯಿತು.

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿ, ಸದ್ದು, ಬೆಳಕು, ಸ್ಪರ್ಶಗಳಿಗೆ ಅತಿಯಾಗಿ ಅಥವಾ ತೀರ ಕಡಿಮೆಯಾಗಿ ಸ್ಪಂದಿಸುವುದನ್ನು ಆಟಿಸಂ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಕ್ಯಾನರ್ ವರದಿಗೆ ಅಷ್ಟರಲ್ಲಿ 70 ವರ್ಷ ತುಂಬಿತ್ತು. ಭಾರತದ 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆ ಅದನ್ನು ಹೆಸರಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಅದಕ್ಕೂ ಸ್ಥಾನ ಸಿಕ್ಕಿತು.

ಸೂಕ್ಷ್ಮ ಕಿವಿ ಎಂಬುದು ಆಟಿಸಂ ಇರುವವರಿಗೆ ಮಾತ್ರ ಸೀಮಿತವಲ್ಲ. ಅರೆತಲೆನೋವು ಬಂದವರಿಗೆ ಪಾತ್ರೆಯ ಸದ್ದೂ ಸುತ್ತಿಗೆಯ ಪೆಟ್ಟಿನಂತಾಗುತ್ತದೆ. ತಲೆಗೆ ಏಟು ಬಿದ್ದು ಚೇತರಿಸಿಕೊಳ್ಳುವವರಲ್ಲೂ ಇದುಂಟು. ವಯಸ್ಸಾಗಿ ಕಿವಿ ಮಂದವಾದವರ ಪಾಡು ಇನ್ನೂ ವಿಚಿತ್ರ. ಅವರಿಗೆ ಸಣ್ಣ ಸದ್ದು ಕೇಳಿಸುವುದೇ ಇಲ್ಲ. ಸದ್ದು ಒಂದು ಮಟ್ಟ ದಾಟಿದರೆ ಥಟ್ಟನೆ ತಾಳಲಾರದಷ್ಟಾಗುತ್ತದೆ. ‘ಕೂಗಬೇಡ, ಸರಿಯಾಗಿ ಹೇಳು’ ಎಂದು ಕಿವಿ ಕೇಳಿಸದ ಅಜ್ಜ ಗದರುವುದರ ಹಿಂದೆ ಇಂಥ ಕಾರಣವೂ ಇರಬಹುದು.

ಎರಡೂ ಕೂಡುವ ಜಾಗ

ಈಗ ಬೀಸುವ ಪದವನ್ನೂ ಸೂಕ್ಷ್ಮ ಕಿವಿಯನ್ನೂ ಎದುರುಬದುರು ಇಟ್ಟು ನೋಡಬಹುದು.

ಮೊದಲನೆಯದು, ಬೆಚ್ಚಿಬೀಳಿಸುವ ಗುಣ. ಸದ್ದು ಎಷ್ಟು ದೊಡ್ಡದು ಎಂಬುದರ ಜೊತೆಗೆ ಅದು ಎಷ್ಟು ಥಟ್ಟನೆ ಬಂತು ಎಂಬುದೂ ಮೈಯನ್ನು ನಡುಗಿಸುತ್ತದೆ. ಬಾಗಿಲು ಬಡಿದಾಗ ಎಲ್ಲರೂ ಬೆಚ್ಚುವುದು ಇದೇ ಕಾರಣಕ್ಕೆ. ಬೀಸುವ ಪದದಲ್ಲಿ ಒಂದು ಸ್ವರ ಇನ್ನೊಂದಕ್ಕೆ ಜಾರಿಕೊಂಡು ಹೋಗುತ್ತದೆ. ವೇದಿಕೆಯ ಡ್ರಮ್ಮಿನ ಪೆಟ್ಟು ಹಾಗಲ್ಲ. ಎರಡನೆಯದು, ಮುಂದೇನೆಂದು ತಿಳಿದಿರುವುದು. ತಿಳಿದ ದಾರಿಯಲ್ಲಿ ನಡೆಯುವವರಿಗೆ ಹೆದರಿಕೆ ಕಡಿಮೆ. ಒಂದೇ ಧಾಟಿ ಮರಳಿ ಮರಳಿ ಬರುವುದು ರಸಿಕರಿಗೆ ಬೇಸರ ತರಿಸಬಹುದು, ಸೂಕ್ಷ್ಮ ಕಿವಿಗೆ ಅದೇ ಆಸರೆ. ಮೂರನೆಯದು, ಒಂದೇ ಎಳೆ. ಹತ್ತು ವಾದ್ಯ, ನಾಲ್ಕು ಕಂಠ, ಚಪ್ಪಾಳೆ ಒಟ್ಟಿಗೆ ಬಂದಾಗ ಯಾವುದನ್ನು ಕೇಳುವುದು, ಯಾವುದನ್ನು ಬಿಡುವುದು ಎಂದು ಆರಿಸಿಕೊಳ್ಳಲಾರದೆ ಎಷ್ಟೋ ಜನ ಸೋಲುತ್ತಾರೆ. ಒಂದೇ ಕಂಠವಿದ್ದರೆ ಆ ತೊಂದರೆಯಿಲ್ಲ. ಬೀಸುವ ಕಲ್ಲು ಸದ್ದು ಮಾಡುತ್ತಿತ್ತಲ್ಲ ಎಂದು ಕೇಳಬಹುದು. ಅದು ಏರಿಳಿತವಿಲ್ಲದ ಸಮನಾದ ಸದ್ದು. ಅಂಥ ಸದ್ದು ನಡುನಡುವೆ ಬರುವ ಚೂಪು ಸದ್ದುಗಳನ್ನು ಮರೆಮಾಡುತ್ತದೆ.

ನಾಲ್ಕನೆಯದೇ ಮುಖ್ಯವಾದದ್ದು. ಎದುರಿಗೆ ಕೂತು ಹಾಡುವವರು ಕೇಳುಗನ ಮುಖ ನೋಡಿ ನಿಲ್ಲಿಸಬಲ್ಲರು. ಕ್ಯಾನರ್ ಗುರುತಿಸಿದ ‘ಒಳನುಗ್ಗುವ’ ಸದ್ದಿಗೆ ಪೂರಾ ವಿರುದ್ಧವಾದದ್ದು ಇದು. ಕೇಳುಗನ ಒಪ್ಪಿಗೆ ಪಡೆದು ಒಳಬರುವ ದನಿ.

ಜೋಗುಳದ ವಿಷಯದಲ್ಲಿ ವಿಜ್ಞಾನಿಗಳೂ ಪರೀಕ್ಷೆ ನಡೆಸಿದ್ದಾರೆ. ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡವೊಂದು 144 ಹಸುಗೂಸುಗಳಿಗೆ, ಅವು ಎಂದೂ ಕೇಳಿರದ ಭಾಷೆಗಳ ಜೋಗುಳಗಳನ್ನೂ ಬೇರೆ ಬಗೆಯ ಹಾಡುಗಳನ್ನೂ ಕೇಳಿಸಿತು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಜೋಗುಳ ಕೇಳುವಾಗ ಕೂಸುಗಳ ಎದೆಬಡಿತ ಹೆಚ್ಚು ತಗ್ಗಿತು, ಕಣ್ಣಪಾಪೆ ಹೆಚ್ಚು ಕಿರಿದಾಯಿತು. ಮಾತು ತಿಳಿಯದಿದ್ದರೂ ಮಲಗಿಸುವ ಹಾಡು ಯಾವುದೆಂದು ಮೈಗೆ ತಿಳಿದಂತಿದೆ. ಇದು ಸಾಮಾನ್ಯ ಕೂಸುಗಳ ಮೇಲಿನ ಪ್ರಯೋಗ, ಆಟಿಸಂ ಇರುವ ಮಕ್ಕಳ ಮೇಲಿನದಲ್ಲ ಎಂಬುದನ್ನು ಮರೆಯುವಂತಿಲ್ಲ.

ಎಚ್ಚರಿಕೆಯ ಮಾತು ಇನ್ನೂ ಒಂದಿದೆ. ಹಾಡು ಮದ್ದಲ್ಲ. ಒಂಬತ್ತು ದೇಶಗಳ ಆಟಿಸಂ ಇರುವ 364 ಮಕ್ಕಳ ಮೇಲೆ ನಡೆದು 2017ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಂಗೀತ ಚಿಕಿತ್ಸೆ ಸೇರಿಸಿದ್ದರಿಂದ ಲಕ್ಷಣಗಳ ತೀವ್ರತೆಯಲ್ಲಿ ಎದ್ದು ಕಾಣುವ ವ್ಯತ್ಯಾಸ ಬರಲಿಲ್ಲ. ಎಲ್ಲ ಸೂಕ್ಷ್ಮ ಕಿವಿಗಳೂ ಒಂದೇ ಅಲ್ಲ. ಕೆಲವರಿಗೆ ದೊಡ್ಡ ಸದ್ದೇ ಹಿತ. ಡೊಳ್ಳಿನ ಪೆಟ್ಟು ಎದೆಗೆ ತಾಗುವುದನ್ನೇ ಅರಸಿ ಹೋಗುವ ಮಕ್ಕಳೂ ಉಂಟು. ಇನ್ನು ಕೆಲವರಿಗೆ ಗುನುಗುವ ಸದ್ದೇ ಆಗದು. ಆದ್ದರಿಂದ ‘ಜೋಗುಳ ಕೇಳಿಸಿ, ಎಲ್ಲ ಸರಿಹೋಗುತ್ತದೆ’ ಎಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ. ಮೆಲುದನಿಯ ಹಾಡು ಮಗುವನ್ನು ಬದಲಿಸಲು ಬರುವುದಿಲ್ಲ. ಮಗು ಇದ್ದಂತೆಯೇ ಇದ್ದು ಕೇಳಲು ಜಾಗ ಮಾಡಿಕೊಡುತ್ತದೆ, ಅಷ್ಟೆ.

ಯಾರಿಗಾಗಿ ಜಾತ್ರೆ?

ಆ ಜಾಗ ಮನೆಯ ಮೂಲೆಯಲ್ಲಿ ಮಾತ್ರ ಇರಬೇಕೇ ಎಂಬುದು ಮುಂದಿನ ಪ್ರಶ್ನೆ. ದೇಶದ ಶಬ್ದಮಾಲಿನ್ಯ ನಿಯಮಗಳು 2000ದಲ್ಲಿ ಜಾರಿಗೆ ಬಂದವು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಎಂಬ ಮಿತಿ ಅದರಲ್ಲಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗಗಳಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಹಬ್ಬಗಳ ಸಲುವಾಗಿ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯಗಳಿಗಿದೆ. ಬೇಡವಾದ ಸದ್ದನ್ನು ಕೇಳುವಂತೆ ಯಾರನ್ನೂ ಬಲವಂತ ಮಾಡಲಾಗದು ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2005ರ ತೀರ್ಪಿನಲ್ಲಿ ತಳೆಯಿತು. ಡೆಸಿಬೆಲ್ ಲೆಕ್ಕದಲ್ಲಿ 10 ಹೆಚ್ಚಾಯಿತೆಂದರೆ ಸದ್ದಿನ ಶಕ್ತಿ ಹತ್ತು ಪಟ್ಟಾಯಿತೆಂದೇ ಅರ್ಥ. ಸಾಧಾರಣ ಮಾತುಕತೆಯೇ ಸುಮಾರು 60 ಡೆಸಿಬೆಲ್ ಇರುತ್ತದೆ. ಆಳೆತ್ತರದ ಧ್ವನಿಪೆಟ್ಟಿಗೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಕಾನೂನು ಸದ್ದಿಗೆ ಮಿತಿ ಹಾಕಬಲ್ಲದು, ಕೇಳುಗರಿಗೆ ಚಾಪೆ ಹಾಸಲಾರದು. ಅದನ್ನು ಕಾರ್ಯಕ್ರಮ ನಡೆಸುವವರೇ ಮಾಡಬೇಕು. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ 2011ರಲ್ಲಿ ‘ದಿ ಲಯನ್ ಕಿಂಗ್’ ನಾಟಕದ ಒಂದು ಪ್ರದರ್ಶನವನ್ನು ಆಟಿಸಂ ಇರುವವರ ಕುಟುಂಬಗಳಿಗಾಗಿಯೇ ಏರ್ಪಡಿಸಿದ್ದರು. ಕಿವಿಗಡಚಿಕ್ಕುವ ಸದ್ದು, ಕಣ್ಣು ಕೋರೈಸುವ ಬೆಳಕುಗಳನ್ನು ತಗ್ಗಿಸಿದರು. ನಡುವೆ ಎದ್ದು ಹೋಗುವುದಕ್ಕೆ, ಮರಳಿ ಬರುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಬಹುಕೋಟಿ ಖರ್ಚಿನ ನಾಟಕವೇ ಇಷ್ಟು ತಗ್ಗಬಲ್ಲದಾದರೆ, ಮೊದಲೇ ಮೆಲ್ಲಗಿದ್ದ ಹಾಡಿಗೆ ಇದು ಹೆಚ್ಚೇನಲ್ಲ.

ಕರ್ನಾಟಕದಲ್ಲಿ ಇದಕ್ಕೆ ಬೇಕಾದ ಸಾಮಗ್ರಿಗೆ ಕೊರತೆಯಿಲ್ಲ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿ 1994ರಲ್ಲಿ ತೆರೆದ ಜಾನಪದ ಲೋಕದಲ್ಲಿ ಹಳ್ಳಿಯವರ ದನಿಯನ್ನೇ ಹಿಡಿದಿಟ್ಟ ಧ್ವನಿಸುರುಳಿಗಳ ಸಂಗ್ರಹವಿದೆ. ಜಾನಪದಕ್ಕೆಂದೇ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾಗಿದೆ. ವರ್ಷವಿಡೀ ನಡೆಯುವ ಉತ್ಸವಗಳಲ್ಲಿ ಮುಖ್ಯ ವೇದಿಕೆಯಿಂದ ದೂರಕ್ಕೆ ಒಂದು ಶಾಲಾ ಕೊಠಡಿ, ಒಂದು ಚಾಪೆ, ಮೈಕಿಲ್ಲದೆ ಹಾಡುವ ಇಬ್ಬರು ಹಿರಿಯ ಹೆಂಗಸರು ಇಷ್ಟಿದ್ದರೂ ಸಾಕು. ಬಾಗಿಲು ತೆರೆದಿರಬೇಕು. ಬಂದವರು ಯಾವಾಗ ಬೇಕಾದರೂ ಎದ್ದು ಹೋಗುವಂತಿರಬೇಕು. ತಲೆನೋವಿನವರು, ಕಿವಿ ಮಂದವಾದ ಅಜ್ಜಿ, ಸದ್ದಿಗೆ ಬೆಚ್ಚುವ ಮಗು, ಆ ಮಗುವಿನಿಂದಾಗಿ ವರ್ಷಗಟ್ಟಲೆ ಜಾತ್ರೆಯನ್ನೇ ಕಾಣದ ತಾಯಿ ಎಲ್ಲರಿಗೂ ಅಲ್ಲಿ ಜಾಗವಿರುತ್ತದೆ.

ಬೀಸುವ ಕಲ್ಲು ಹೆಚ್ಚಿನ ಮನೆಗಳಲ್ಲಿ ಈಗ ಹಿತ್ತಿಲು ಸೇರಿದೆ, ಇಲ್ಲವೇ ಬಾಗಿಲಿಗೆ ಒತ್ತಾಗಿ ನಿಂತಿದೆ. ಗಿರಣಿ ಹೆಂಗಸರ ರಟ್ಟೆಗೆ ವಿರಾಮ ಕೊಟ್ಟಿತು. ಅದಕ್ಕಾಗಿ ಯಾರೂ ಮರುಗಬೇಕಾಗಿಲ್ಲ, ಬೆಳಗಿನ ಜಾವದ ಆ ದುಡಿಮೆ ಹಾಡಿನಷ್ಟು ಹಗುರವಾಗಿರಲಿಲ್ಲ. ಆದರೆ ಆ ಹಾಡಿಗೆ ಕಲ್ಲೇ ಬೇಕೆಂದಿಲ್ಲ. ಒಂದು ಕಂಠ, ಎದುರಿಗೆ ಒಂದು ಮುಖ, ಆ ಮುಖವನ್ನು ನೋಡಿಕೊಂಡು ಹಾಡುವ ತಾಳ್ಮೆ ಇದ್ದರೆ ಸಾಕು. ಜಾತ್ರೆಯಿಂದ ಎದ್ದು ಹೋದ ಆ ತಾಯಿ ಅಂದು ರಾತ್ರಿ ಮನೆಯ ದೀಪ ಆರಿಸಿ ಮಗನ ಬೆನ್ನು ತಟ್ಟುತ್ತ ಹಾಡುವುದು ಬಹುಶಃ ಅದನ್ನೇ. ಆ ಹಾಡಿಗಾಗಿ ಅವಳು ಜಾತ್ರೆ ಬಿಟ್ಟು ಬರಬೇಕಾಗದ ದಿನ ಬರಬೇಕು.